ಶಸ್ತ್ರವೈದ್ಯವನ್ನು ವೃತ್ತಿಯಾಗಿ ವರಿಸುವ ಮುನ್ನ

ಶಸ್ತ್ರವೈದ್ಯನಾಗಬಯಸುವ ತರುಣನು ಮೊದಲು ಪರೀಕ್ಷಿಸಿಕೊಳ್ಳುವುದು ತನ್ನ ಕೈಗಳನ್ನು. ಅವು ನಡುಗದಿದ್ದರೆ ಅರ್ಧ ಯೋಗ್ಯತೆ ಬಂದಿತೆಂದೇ ಅವನ ಭಾವನೆ. ಆದರೆ ಹಸ್ತಪಾಟವವು ಅಭ್ಯಾಸದಿಂದ ಲಭಿಸತಕ್ಕದ್ದು. ಶಾಸ್ತ್ರವನ್ನೆಲ್ಲ ಓದಿದ್ದರೂ ಕುಂಬಳ, ಸೋರೆ, ಸೌತೆಗಳ ಮೇಲೆ ಛೇದನವನ್ನು ಕಲಿಯದ ಶಿಷ್ಯನು ಕರ್ಮಕ್ಕೆ ಅಯೋಗ್ಯನೆಂದು ಸುಶ್ರುತಸಂಹಿತೆಯೇ ಸಾರಿದೆ. ತೂಗಿ ನೋಡಬೇಕಾದವು ಬೇರೆ.

ಎಂ.ಬಿ.ಬಿ.ಎಸ್. ವ್ಯಾಸಂಗಕ್ಕೆ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ಪಿಗೆ ಒಂದು, ಎಂ.ಎಸ್. ಪದವಿಗೆ ಮೂರು, ಹೃದಯ ಮಿದುಳುಗಳಂತಹ ವಿಶೇಷ ವಿಭಾಗವನ್ನು ಬಯಸಿದರೆ ಎಂ.ಸಿಎಚ್.ಗೆ ಮತ್ತೆ ಮೂರು. ಹದಿನೆಂಟರಲ್ಲಿ ಕಾಲೇಜು ಸೇರಿದವನು, ಪ್ರವೇಶಪರೀಕ್ಷೆಗಳಲ್ಲಿ ಒಮ್ಮೆಯೂ ಎಡವದಿದ್ದರೂ, ಮೂವತ್ತು ಸಮೀಪಿಸುವ ತನಕ ಶಿಷ್ಯನೇ. ಕರ್ನಾಟಕ ಸರ್ಕಾರವು 2020ರಲ್ಲಿ ಪ್ರಥಮವರ್ಷದ ಸ್ನಾತಕೋತ್ತರ (ಪಿ.ಜಿ.) ವಿದ್ಯಾರ್ಥಿಯ ಸ್ಟೈಪೆಂಡನ್ನು ತಿಂಗಳಿಗೆ 45,000 ರೂಪಾಯಿಗೆ ಏರಿಸಿತು; ಒಬ್ಬನ ಹೊಟ್ಟೆಬಟ್ಟೆಗೆ ಇದು ಅಲ್ಪವಲ್ಲ, ಆದರೆ ಸಾಲಮಾಡಿ ಶುಲ್ಕ ಕಟ್ಟಿದವನಿಗೆ ಬಡ್ಡಿಗೂ ಸಾಲದು.

ನಿದ್ರೆಯ ವಿಷಯ ಇನ್ನೂ ಕಠಿಣ. 1889ರಲ್ಲಿ ಬಾಗಿಲು ತೆರೆದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು ಶಿಷ್ಯರನ್ನು ಹಗಲಿರುಳೂ ಆಸ್ಪತ್ರೆಯಲ್ಲೇ ಇರಿಸಿ ಪಳಗಿಸುವ ಕ್ರಮವನ್ನು ರೂಢಿಗೆ ತಂದನು. ಅವನು ಸ್ವತಃ ಕೊಕೇನಿನ ವ್ಯಸನಕ್ಕೆ ಸಿಲುಕಿದ್ದವನೆಂಬುದನ್ನು ಆ ಕ್ರಮವನ್ನು ಹೊಗಳುವವರು ಮರೆಯುವುದುಂಟು. ಅಮೆರಿಕವು 2003ರಲ್ಲಿ ವಾರಕ್ಕೆ 80 ಗಂಟೆಗಳ ಮಿತಿಯನ್ನು ಹಾಕಿತು; ನಮ್ಮ ಕೇಂದ್ರ ಸರ್ಕಾರದ 1992ರ ನಿರ್ದೇಶನವು 48 ಗಂಟೆಗಳೆಂದೇ ಹೇಳಿದೆ. ಅದನ್ನು ನಂಬಿ ಮನೆಯವರಿಗೆ ಊಟಕ್ಕೆ ಬರುವ ಹೊತ್ತನ್ನು ತಿಳಿಸುವ ಪಿ.ಜಿ.ಯು ವಿಭಾಗಕ್ಕೆ ತೀರ ಹೊಸಬನಿರಬೇಕು!

ಇವೆಲ್ಲಕ್ಕಿಂತ ಗುರುತರವಾದುದು ಥಿಯೇಟರಿನಿಂದ ಹೊರಬಂದ ಮೇಲಿನ ಹೊಣೆ. ಕರುಳನ್ನು ಕತ್ತರಿಸಿ ಕೂಡಿಸಿದ ಹೊಲಿಗೆಯು ಸೋರುವುದಾದರೆ, ಅದು ಆ ದಿನವೇ ತಿಳಿಯದೆ, ಬಹುಧಾ ಐದಾರು ದಿನಗಳ ಮೇಲೆ, ರೋಗಿ ಚೇತರಿಸಿಕೊಂಡನೆಂದು ಎಲ್ಲರೂ ಸಮಾಧಾನಪಡುವ ಹೊತ್ತಿಗೆ, ಸ್ವಲ್ಪ ಜ್ವರವಾಗಿ, ಕಾರಣ ಕಾಣದ ನಾಡಿವೇಗವಾಗಿ ಪ್ರಕಟವಾಗುತ್ತದೆ. ಆಗ ಹೊಟ್ಟೆಯನ್ನು ಮತ್ತೆ ತೆರೆಯಬೇಕೋ ಬೇಡವೋ ಎಂಬುದನ್ನು ನಡುರಾತ್ರಿಯಲ್ಲಿ ನಿರ್ಣಯಿಸಿ, ತನ್ನದೇ ಹೊಲಿಗೆ ಬಿಟ್ಟಿತೆಂದು ಬಂಧುಗಳಿಗೆ ಎದುರುನಿಂತು ಹೇಳುವ ಧೈರ್ಯವು ಯಾವ ಕುಂಬಳಕಾಯಿಯ ಮೇಲೂ ಕಲಿಯಬರುವುದಿಲ್ಲ. ಶಸ್ತ್ರವನ್ನು ಎತ್ತದಿರುವ ವಿವೇಕವೂ ಅಷ್ಟೇ ದುರ್ಲಭ.

ಆದಕಾರಣ ಇಂಟರ್ನ್‌ಶಿಪ್ಪಿನಲ್ಲಿರುವ ಮಿತ್ರರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಥಿಯೇಟರಿನ ದೀಪದಡಿ ನಡೆಯುವುದನ್ನಷ್ಟೇ ನೋಡಿ ಮನಸೋಲಬೇಡಿ, ರಾತ್ರಿಪಾಳಿಯ ಪಿ.ಜಿ.ಯೊಡನೆ ವಾರ್ಡುಗಳಲ್ಲಿ ಅಲೆದು, ಅಶುಭವಾರ್ತೆಯನ್ನು ಹೇಳುವ ಹಿರಿಯರ ಪಕ್ಕದಲ್ಲಿ ನಿಂತು, ಆ ಮೇಲೂ ಆಸೆ ಉಳಿದಿದ್ದರೆ ಅರ್ಜಿಯನ್ನು ತುಂಬಿರಿ.