ಇಂದ್ರರಾಜನ ಸಿಂಹಾಸನ: ರಾಷ್ಟ್ರಕೂಟರ ಕೊನೆಯ ವಾರಸುದಾರ



ನಮ್ಮ ಪಠ್ಯಪುಸ್ತಕಗಳಲ್ಲಿ ರಾಷ್ಟ್ರಕೂಟರ ಅಧ್ಯಾಯ 973ಕ್ಕೆ ಮುಗಿದುಹೋಗುತ್ತದೆ. ಎರಡನೆಯ ಕರ್ಕನನ್ನು ತೈಲಪ ಸೋಲಿಸಿದ. ಪುಟ ತಿರುವಿದರೆ ಕಲ್ಯಾಣದ ಚಾಲುಕ್ಯರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ಒಂದು ಕಂಬಶಾಸನ ಮಾತ್ರ ಈ ಲೆಕ್ಕವನ್ನು ಒಪ್ಪುವುದಿಲ್ಲ. ಶಕ 904, ಚಿತ್ರಭಾನು ಸಂವತ್ಸರದ ಚೈತ್ರಮಾಸ, ಸೋಮವಾರ, ಅಂದರೆ ಕ್ರಿ.ಶ. 982ರ ಮಾರ್ಚ್ 20ರಂದು ರಾಷ್ಟ್ರಕೂಟ ವಂಶದ ಇಂದ್ರರಾಜ ಜೈನರ ಸಲ್ಲೇಖನ ವ್ರತ ಹಿಡಿದು, ಅಂದರೆ ಉಪವಾಸವಿದ್ದು, ದೇಹ ಬಿಟ್ಟನೆಂದು ಅದು ಹೇಳುತ್ತದೆ. ಚರಿತ್ರಕಾರರು ಇವನನ್ನು ನಾಲ್ಕನೆಯ ಇಂದ್ರನೆಂದು ಎಣಿಸುತ್ತಾರೆ. ಸಾಮ್ರಾಜ್ಯ ಬಿದ್ದು ಒಂಬತ್ತು ವರ್ಷವಾಗಿತ್ತು. ಅದರ ವಾರಸುದಾರ ಇನ್ನೂ ಬದುಕಿದ್ದ.

ಹಕ್ಕು ಇದ್ದೂ ಪಟ್ಟ ದಕ್ಕದ ಈ ರಾಜಪುತ್ರನನ್ನು ಕುರಿತು ಇಂದು ಮಾತನಾಡುತ್ತೇನೆ. ಇಂದ್ರನ ಸಿಂಹಾಸನ ತೈಲಪನ ಕೈಸೇರುವುದಕ್ಕೆ ಮೊದಲೇ, ಇಂದ್ರನ ಅಜ್ಜನ ಕೈಯಿಂದಲೇ ಹಂಚಿಹೋಗಿತ್ತು ಎಂಬುದು ನನ್ನ ವಾದ.

1. ಪಟ್ಟ ಕಟ್ಟುವವರು

ರಾಷ್ಟ್ರಕೂಟರಲ್ಲಿ ಹಿರಿಯ ಮಗನಿಗೇ ಪಟ್ಟ ಎಂಬ ಕಟ್ಟುಪಾಡು ಗಟ್ಟಿಯಾಗಿ ನಿಂತದ್ದು ಎಂದೂ ಇಲ್ಲ. ಧ್ರುವ ತನ್ನ ಅಣ್ಣ ಇಮ್ಮಡಿ ಗೋವಿಂದನನ್ನು ಇಳಿಸಿ ಗದ್ದುಗೆ ಏರಿದ. ಆ ಧ್ರುವನೇ ಹಿರಿಯ ಮಗ ಸ್ತಂಭನನ್ನು ಬಿಟ್ಟು ಮುಮ್ಮಡಿ ಗೋವಿಂದನನ್ನು ಆರಿಸಿದ. ಸ್ತಂಭ ಹನ್ನೆರಡು ಅರಸರ ಕೂಟ ಕಟ್ಟಿಕೊಂಡು ದಂಗೆಯೆದ್ದ, ಸೋತ. ತಮ್ಮ ಅವನನ್ನು ಕ್ಷಮಿಸಿ ಗಂಗವಾಡಿಯ ಆಡಳಿತಕ್ಕೆ ಕಳಿಸಿದ. 814ರಲ್ಲಿ ಬಾಲಕ ಅಮೋಘವರ್ಷ ಪಟ್ಟವೇರಿದಾಗ ಸಾಮಂತರು ತಿರುಗಿಬಿದ್ದರು. ಅವನನ್ನು ಉಳಿಸಿದವನು ಗುಜರಾತಿನ ಶಾಖೆಯ ದಾಯಾದಿ ಕರ್ಕ.

ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ಪಂಪನ ಬಳಿಗೆ ಹೋಗಬೇಕು. 941ರ ವಿಕ್ರಮಾರ್ಜುನ ವಿಜಯದ ನಾಯಕ ವೇಮುಲವಾಡದ ಅರಿಕೇಸರಿ. ಚಕ್ರವರ್ತಿ ನಾಲ್ವಡಿ ಗೋವಿಂದನಿಗೆ ಎದುರು ನಿಂತು, ರಾಜ್ಯವನ್ನು ಬದ್ದೆಗನಿಗೆ, ಅಂದರೆ ಮುಮ್ಮಡಿ ಅಮೋಘವರ್ಷನಿಗೆ ಒಪ್ಪಿಸಿದ ಹಿರಿಮೆ ಅವನಿಗೆ ಸಲ್ಲುತ್ತದೆ. ಚಕ್ರವರ್ತಿಯನ್ನು ಇಳಿಸಿ ಇನ್ನೊಬ್ಬನನ್ನು ಏರಿಸಿದ್ದು ಒಬ್ಬ ಮಾಂಡಲಿಕನಿಗೆ ಹೊಗಳಿಕೆಯ ವಿಷಯವಾಗಿತ್ತು. ರಾಜಧಾನಿ ಮಾನ್ಯಖೇಟದ ಗದ್ದುಗೆಗೆ ಬೇಕಾದದ್ದು ಎರಡು: ರಾಷ್ಟ್ರಕೂಟರ ರಕ್ತ, ಸಾಮಂತರ ಒಪ್ಪಿಗೆ. ಮೊದಲನೆಯದು ಹಲವರಿಗೆ ಇರುತ್ತಿತ್ತು. ತೀರ್ಮಾನ ಆಗುತ್ತಿದ್ದದ್ದು ಎರಡನೆಯದರಿಂದ.

2. ಅಜ್ಜನ ಗೆಲುವು

ಆ ಬದ್ದೆಗನ ಮಗನೇ ಮುಮ್ಮಡಿ ಕೃಷ್ಣ. ಆಳಿದ್ದು 939ರಿಂದ 967ರವರೆಗೆ. ಯುವರಾಜನಾಗಿದ್ದಾಗಲೇ ಅವನು ಗಂಗವಾಡಿಯ ಗಂಗರ ಮನೆಯ ಜಗಳಕ್ಕೆ ಕೈಹಾಕಿದ. ಗಂಗ ರಾಚಮಲ್ಲನನ್ನು ಕೊಂದು ಇಮ್ಮಡಿ ಬೂತುಗ ಪಟ್ಟಕ್ಕೆ ಬಂದದ್ದು ಕೃಷ್ಣನ ಬೆಂಬಲದಿಂದ. ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಬೂತುಗ ಮದುವೆಯಾಗಿದ್ದ. ಮುಂದೆ ಇಂದ್ರನಿಗೆ ತಂದೆಯ ಕಡೆಯ ಅಜ್ಜ ಈ ಕೃಷ್ಣ, ತಾಯಿಯ ಕಡೆಯ ಅಜ್ಜ ಈ ಬೂತುಗ.

949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಬೂತುಗ ಕೊಂದ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದನ್ನು ದಾಖಲಿಸುತ್ತದೆ. ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲೂ ಇದೇ. ಅದರಲ್ಲಿ ನಾವು ಸಾಮಾನ್ಯವಾಗಿ ದಾಟಿಕೊಂಡು ಹೋಗುವ ಸಾಲು ಒಂದಿದೆ. ಆ ಗೆಲುವಿಗೆ ಮೆಚ್ಚಿ ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಟ್ಟನಂತೆ (ಅಂಕಿಗಳು ನಾಡಿನ ಹೆಸರಿನ ಭಾಗವೇ). ಬೆಳ್ವೊಲ, ಪುರಿಗೆರೆ ಎಂದರೆ ಇಂದಿನ ಗದಗ, ಲಕ್ಷ್ಮೇಶ್ವರದ ಸುತ್ತಿನ ಎರೆಭೂಮಿ. ಕಿಸುಕಾಡು ಎಂದರೆ ಪಟ್ಟದಕಲ್ಲಿನ ಸೀಮೆ. ಸಾಮ್ರಾಜ್ಯದ ಹೊಟ್ಟೆ ತುಂಬಿಸುವ ನಾಡುಗಳೇ ಇವು.

ಉತ್ತರದಲ್ಲೂ ಇದೇ ನಡೆಯಿತು. 965ರ ಹೊತ್ತಿಗೆ ಕೃಷ್ಣ ಬಿಜಾಪುರದ ಕಡೆಯ ತರ್ದವಾಡಿ 1000ವನ್ನು ತನ್ನ ಮಹಾಸಾಮಂತನೊಬ್ಬನಿಗೆ ಅನುಗಜೀವಿತವಾಗಿ, ಅಂದರೆ ಜೀವನಾಧಾರದ ಕೊಡುಗೆಯಾಗಿ ಕೊಟ್ಟಿದ್ದ. ಆ ಮಹಾಸಾಮಂತನ ಹೆಸರು ತೈಲಪ.

ದಂಡು ದೊಡ್ಡದಾದಷ್ಟೂ ದಂಡನಾಯಕರಿಗೆ ಕೊಡಬೇಕಾದ ನಾಡುಗಳು ಹೆಚ್ಚಿದವು. ಕೊಟ್ಟ ನಾಡಿನ ಕಂದಾಯ ಅಲ್ಲಿಯ ಸಾಮಂತನ ಕೈಗೆ, ಅಲ್ಲಿಯ ಪಡೆ ಅವನ ಮಾತಿಗೆ. ಕೃಷ್ಣನಂಥ ಗಟ್ಟಿಗ ಇರುವ ತನಕ ಆ ಪಡೆಗಳೆಲ್ಲ ಒಂದು ಕರೆಗೆ ಓಗೊಟ್ಟು ಬರುತ್ತಿದ್ದವು. ಅವನ ಬಳಿಕ ಕರೆಯುವವನ ದನಿಯಲ್ಲಿ ಆ ತೂಕ ಉಳಿಯಲಿಲ್ಲ. ಪಾಲುಪಟ್ಟಿ ಮುಗಿದ ಮೇಲೆ ಹುಟ್ಟಿದ ಮೊಮ್ಮಗನಿಗೆ ಮನೆತನದ ಹೆಸರಷ್ಟೇ ಆಸ್ತಿ. ಇಂದ್ರನ ಪಾಡೂ ಅದೇ ಆಯಿತು.

3. ಆರು ವರ್ಷಗಳ ಕುಸಿತ

967ರಲ್ಲಿ ಕೃಷ್ಣ ತೀರಿಕೊಂಡಾಗ ಪಟ್ಟ ಹೋದದ್ದು ಮಲತಮ್ಮ ಖೊಟ್ಟಿಗನಿಗೆ. ಮೊಮ್ಮಗ ಇಂದ್ರನಿಗೆ ಆಗ ಸರದಿ ಬರಲಿಲ್ಲ. 972ರಲ್ಲಿ ಮಾಳವದ ಪರಮಾರ ಸೀಯಕ ನರ್ಮದೆ ದಾಟಿ ಬಂದು ಮಾನ್ಯಖೇಟವನ್ನೇ ಸೂರೆಮಾಡಿದ. ಈ ಸೂರೆಗೆ ಒಂದು ವಿಚಿತ್ರ ಸಾಕ್ಷಿ ಇದೆ. ಧಾರಾನಗರದ ಕವಿ ಧನಪಾಲ ತನ್ನ ತಂಗಿ ಸುಂದರಿಗಾಗಿ ಪ್ರಾಕೃತ ನಿಘಂಟೊಂದನ್ನು ಬರೆದ. ಅದರ ಕಾಲವನ್ನು ಹೇಳುವಾಗ, ಮಾಳವದವರು ಮಾನ್ಯಖೇಟವನ್ನು ಲೂಟಿಮಾಡಿದ ವರ್ಷ, ವಿಕ್ರಮ 1029 ಎಂದು ಗುರುತು ಹಾಕಿದ. ನಮ್ಮ ರಾಜಧಾನಿಯ ದುರ್ಗತಿ ಅಲ್ಲಿ ತಂಗಿಯ ಪುಸ್ತಕಕ್ಕೆ ತಾರೀಖಾಯಿತು. ಇತ್ತ ಮಾನ್ಯಖೇಟದಲ್ಲೇ ಕುಳಿತು 965ರಲ್ಲಿ ಅಪಭ್ರಂಶದ ಮಹಾಪುರಾಣವನ್ನು ಮುಗಿಸಿದ್ದ ಪುಷ್ಪದಂತ, ಸುಟ್ಟುಹೋದ ನಗರವನ್ನು ಕಂಡು ತಾನಿನ್ನೆಲ್ಲಿ ಇರಲಿ ಎಂದು ಮರುಗಿದ.

ಖೊಟ್ಟಿಗನ ಬಳಿಕ ಎರಡನೆಯ ಕರ್ಕ ಬಂದ. ಒಂದು ವರ್ಷ ತುಂಬಿತೋ ಇಲ್ಲವೋ ಎನ್ನುವಷ್ಟರಲ್ಲಿ, 973ರಲ್ಲಿ ತರ್ದವಾಡಿಯ ತೈಲಪ ಅವನನ್ನು ಕಿತ್ತೆಸೆದ. ಮಾಳವದವರು ಬಂದು ಹೋದರು. ತೈಲಪ ಬಂದು ಉಳಿದ.

4. ಸೋದರಮಾವನ ಪ್ರಯತ್ನ

ಇಲ್ಲಿ ನಮ್ಮ ರಾಜಪುತ್ರ ರಂಗಕ್ಕೆ ಬರುತ್ತಾನೆ. ಅವನನ್ನು ಕರೆತಂದವನು ಬೂತುಗನ ಮಗ, ಗಂಗ ದೊರೆ ಇಮ್ಮಡಿ ಮಾರಸಿಂಹ, ಇಂದ್ರನಿಗೆ ಸೋದರಮಾವ. ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಮಾರಸಿಂಹನ ಸಾಹಸಗಳನ್ನು ಸಾಲುಸಾಲಾಗಿ ಹೇಳುತ್ತದೆ. ಮಾನ್ಯಖೇಟದಲ್ಲಿ ಚಕ್ರವರ್ತಿಯ ಬೀಡನ್ನು ಕಾಪಾಡಿದ್ದು, ಇಂದ್ರರಾಜನಿಗೆ ಪಟ್ಟಾಭಿಷೇಕ ಮಾಡಿಸಿದ್ದು ಅವುಗಳಲ್ಲಿ ಸೇರಿವೆ.

ಮಾರಸಿಂಹನಿಗೆ ಇದರಿಂದ ಏನು ಲಾಭ? ಅಳಿಯನ ಮೇಲಿನ ಮಮತೆ ಇದ್ದಿರಬಹುದು. ಬರೀ ಮಮತೆಗೆ ಯಾರೂ ದಂಡು ಕಟ್ಟುವುದಿಲ್ಲ. ತುಂಗಭದ್ರೆಯ ಆಚೀಚೆ ಗಂಗರು ಪಡೆದಿದ್ದ ನಾಡುಗಳೆಲ್ಲ ರಾಷ್ಟ್ರಕೂಟರ ಕೊಡುಗೆ. ಕೊಟ್ಟ ದೊರೆಯ ಮನೆತನ ನಿಂತರೆ ಕೊಡುಗೆಯೂ ನಿಲ್ಲುತ್ತದೆ. ತೈಲಪ ಗೆದ್ದರೆ ಬೆಳ್ವೊಲ, ಪುರಿಗೆರೆ ಮೊದಲು ಕೈಬಿಡುತ್ತವೆ. ಇಂದ್ರನ ಪಟ್ಟ ಗಂಗರ ಹಿಡುವಳಿಗೆ ಹಕ್ಕುಪತ್ರವಾಗಿತ್ತು.

ಬೆಂಬಲಿಸಲು ಬೇರೆ ಯಾರಿದ್ದರು? ಮಾರಸಿಂಹನಿಗೆ ನೊಳಂಬಕುಲಾಂತಕ ಎಂಬ ಬಿರುದಿತ್ತು. ಪಕ್ಕದ ನೊಳಂಬರನ್ನು ಅವನೇ ತುಳಿದುಹಾಕಿದ್ದ. ಇಂದ್ರನ ಪರವಾಗಿ ಒಂದಾಗಬೇಕಿದ್ದ ದಕ್ಷಿಣದ ಸಾಮಂತರಲ್ಲಿ ಒಂದು ಕೈ ಹೀಗೆ ಕಡಿಮೆಯಾಗಿತ್ತು. ಗಂಗರ ಮನೆಯೊಳಗೂ ನೆಮ್ಮದಿ ಇರಲಿಲ್ಲ. 974ರಲ್ಲಿ ಮಾರಸಿಂಹ ರಾಜ್ಯ ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತ ಆಚರಿಸಿ ಕಾಲವಾದ. ಅದೇ ಮನೆತನದ ಪಾಂಚಲದೇವ 975ರ ಮುಳುಗುಂದದ ಶಾಸನದಲ್ಲಿ ಸ್ವತಂತ್ರ ದೊರೆಯಂತೆ ಕಾಣಿಸಿಕೊಳ್ಳುತ್ತಾನೆ. ಮುಂದೆ ತೈಲಪನೊಡನೆ ಹೋರಾಡಿ ಸತ್ತ. ಗಂಗವಾಡಿಯಲ್ಲಿ ಮಾರಸಿಂಹನ ಬಳಿಕ ಬಂದ ಇನ್ನೊಬ್ಬ ರಾಚಮಲ್ಲನನ್ನು ಪಟ್ಟದಲ್ಲಿ ಉಳಿಸಿಕೊಳ್ಳುವುದೇ ಮಂತ್ರಿ ಚಾವುಂಡರಾಯನಿಗೆ ಕೆಲಸವಾಯಿತು. ಚಾವುಂಡರಾಯನ ತಮ್ಮ ನಾಗವರ್ಮನೇ ಈ ಕಲಹಗಳಲ್ಲಿ ಹತನಾದ. ಹೀಗಿರುವಾಗ ಇಂದ್ರನ ಪರವಾಗಿ ಮಾನ್ಯಖೇಟಕ್ಕೆ ದಂಡು ಒಯ್ಯುವವರು ಯಾರು?

5. ಕಂಬದ ಮೇಲಿನ ರಾಜಕುಮಾರ

ಈಗ ಇಂದ್ರನ ಶಾಸನವನ್ನೇ ನೋಡೋಣ. ಅದು ಇರುವುದು ಗಂಧವಾರಣ ಬಸದಿಯ ಬಳಿಯ ಕಂಬದಲ್ಲಿ. ಆ ಬಸದಿಯನ್ನು ಹೊಯ್ಸಳ ರಾಣಿ ಶಾಂತಲೆ ಕಟ್ಟಿಸಿದ್ದು 1123ರಲ್ಲಿ, ಇಂದ್ರ ತೀರಿ 141 ವರ್ಷವಾದ ಮೇಲೆ.

ಶಾಸನ ಇಂದ್ರನನ್ನು ಪರಿಚಯಿಸುವುದು ಬಂಧುತ್ವದಿಂದ: ಕೃಷ್ಣರಾಜೇಂದ್ರನ ಮೊಮ್ಮಗ, ಗಂಗಗಾಂಗೇಯ ಬೂತುಗನ ಮಗಳ ಮಗ, ರಾಜಚೂಡಾಮಣಿ ಎಂಬವನ ಅಳಿಯ. ತಂದೆಯ ಹೆಸರಿಲ್ಲ. ಬಿರುದುಗಳಿಗೆ ಮಾತ್ರ ಬಡತನವಿಲ್ಲ: ರಟ್ಟಕಂದರ್ಪ, ರಾಜಮಾರ್ತಾಂಡ, ಚಲದಂಕಕಾರ, ಕೀರ್ತಿನಾರಾಯಣ, ಎಳೆವಬೆಡಂಗ. ಅವನು ಗೆದ್ದ ನಾಡು ಯಾವುದು, ಕೊಟ್ಟ ದತ್ತಿ ಯಾವುದು ಎಂದು ಹುಡುಕಿದರೆ ಸಿಗುವುದು ಬೇರೆಯೇ: ಕುದುರೆಯ ಮೇಲೆ ಕುಳಿತು ಕೋಲಿನಿಂದ ಚೆಂಡು ಹೊಡೆಯುವ ಆಟ. ಕವಿ ಇದಕ್ಕೆ ಪದ್ಯದ ಮೇಲೆ ಪದ್ಯ ಮೀಸಲಿಟ್ಟಿದ್ದಾನೆ. ಸುಲಭದ ಸುತ್ತು ಯಾವುದು, ಕಷ್ಟದ್ದು ಯಾವುದು ಎಂದು ಆಟದ ಒಳಹೊರಗನ್ನು ಬಿಡಿಸಿಡುತ್ತಾನೆ. ಚೆಂಡು ಮೆಣಸಿನ ಕಾಳಿಗಿಂತ ಕಿರಿದಾಗಲಿ, ಕೋಲು ನಾಲ್ಕು ಬೆರಳಿಗಿಂತ ಮೋಟಾಗಲಿ, ಕುದುರೆ ಬೆಟ್ಟಕ್ಕಿಂತ ದೊಡ್ಡದಾಗಲಿ, ಇಂದ್ರನಿಗೆ ಎಂಟು ಹತ್ತು ಸುತ್ತು ಹೊಡೆಯದೆ ತೃಪ್ತಿಯಿಲ್ಲ ಎಂಬ ಅರ್ಥದ ಉತ್ಪ್ರೇಕ್ಷೆಯೂ ಅಲ್ಲಿದೆ.

ಇದನ್ನು ವ್ಯಂಗ್ಯವಾಗಿ ನೋಡಬೇಕಿಲ್ಲ. ಆ ಆಟ ರಾವುತನ ಕಸರತ್ತು. ಯುದ್ಧಕ್ಕೆ ಬೇಕಾದ ಪಳಗಿಕೆಯೇ ಅದು. ಅರಸನಿಗೆ ಬೇಕಾದ ಶಿಕ್ಷಣವೆಲ್ಲ ಇಂದ್ರನಿಗೆ ದೊರೆತಿತ್ತೆಂದು ತೋರುತ್ತದೆ. ಅದನ್ನು ಬಳಸುವ ರಣರಂಗವನ್ನು ಅವನಿಗೆ ಒದಗಿಸುವವರಿರಲಿಲ್ಲ. ಕವಿ ಸುಳ್ಳು ದಿಗ್ವಿಜಯ ಕಟ್ಟಲಿಲ್ಲ, ಇದ್ದದ್ದನ್ನೇ ಹಾಡಿದ. ಪ್ರಶಸ್ತಿಕಾರರಲ್ಲಿ ಇದು ಅಪರೂಪದ ಪ್ರಾಮಾಣಿಕತೆ. ಇಂದ್ರ ಚಿಕ್ಕಬೆಟ್ಟದಲ್ಲಿ ವ್ರತ ಹಿಡಿದ ಕಾಲದಲ್ಲೇ ಎದುರಿನ ದೊಡ್ಡಬೆಟ್ಟದ ಮೇಲೆ ಚಾವುಂಡರಾಯನ ಗೊಮ್ಮಟ ರೂಪುಗೊಂಡ. ಗೆದ್ದ ರಾಜ್ಯವನ್ನು ಬಿಟ್ಟುಕೊಟ್ಟ ಬಾಹುಬಲಿಯ ಮೂರ್ತಿ ಅದು. ಇಂದ್ರನಿಗೆ ಬಿಟ್ಟುಕೊಡಲು ರಾಜ್ಯವಿರಲಿಲ್ಲ. ಬಿಡಬೇಕಾದದ್ದು ಹಕ್ಕನ್ನು ಮಾತ್ರ.

6. ಇನ್ನೊಬ್ಬ ವಾರಸುದಾರ

ಹಾಗಾದರೆ ತೈಲಪ ಬರೀ ಬಲಾತ್ಕಾರದ ದೊರೆಯೇ? ಅವನ ಮನೆತನದವರ ಪ್ರಕಾರ ಅಲ್ಲ. ಅವರ ಲೆಕ್ಕದಲ್ಲಿ ಬಾದಾಮಿ ಚಾಲುಕ್ಯರಿಂದ ಎಂಟನೆಯ ಶತಮಾನದ ನಡುವಿನಲ್ಲಿ ರಾಷ್ಟ್ರಕೂಟರು ಕಿತ್ತುಕೊಂಡದ್ದನ್ನು ತೈಲಪ ಮರಳಿ ಪಡೆದ. ಅವನ ಮೊಮ್ಮಗ ಐದನೆಯ ವಿಕ್ರಮಾದಿತ್ಯನ 1009ರ ಕೌಥೇಂ ತಾಮ್ರಪಟ, ಅಯೋಧ್ಯೆಯಲ್ಲಿ ಆಳಿದ 59 ದೊರೆಗಳಿಂದ ಆರಂಭಿಸಿ ಬಾದಾಮಿಯ ಮೂಲಕ ತೈಲಪನವರೆಗೆ ವಂಶಾವಳಿಯನ್ನು ಹೆಣೆಯುತ್ತದೆ. ತೈಲಪನ ಹೆಂಡತಿ ಜಾಕಬ್ಬೆಯೂ ರಾಷ್ಟ್ರಕೂಟ ಕುಲದವಳು. ಎರಡು ಶತಮಾನದ ಹಿಂದಿನ ಹಕ್ಕು ಗಟ್ಟಿಯಾಯಿತು. ಒಂದೇ ತಲೆಮಾರು ಹಿಂದಿನ ಚಕ್ರವರ್ತಿಯ ಮೊಮ್ಮಗನ ಹಕ್ಕು ಗಾಳಿಗೆ ಹೋಯಿತು.

ವ್ಯತ್ಯಾಸ ರಕ್ತದ ಹತ್ತಿರ ದೂರದಲ್ಲಿ ಇರಲಿಲ್ಲ. ತೈಲಪನಿಗೆ ತರ್ದವಾಡಿ ಇತ್ತು. ಅಲ್ಲಿಯ ಕಂದಾಯ, ಅಲ್ಲಿಯ ಪಡೆ ಅವನದಾಗಿತ್ತು. ಇಂದ್ರನಿಗೆ ಇದ್ದದ್ದು ಮಾವನ ಪಡೆ. ಮಾವ ಹೋದ ದಿನ ಅದೂ ಹೋಯಿತು. ಆ ತರ್ದವಾಡಿಯನ್ನು ತೈಲಪನಿಗೆ ಕೊಟ್ಟವನು ಇಂದ್ರನ ಅಜ್ಜ ಎಂಬುದನ್ನು ಮತ್ತೊಮ್ಮೆ ನೆನಪಿಸುತ್ತೇನೆ. ನೆಲ ಕೈಯಲ್ಲಿದ್ದವನು ಮೊದಲು ಗೆದ್ದ, ವಂಶಾವಳಿ ಆಮೇಲೆ ಬಂತು. ತೈಲಪ ಸೋತಿದ್ದರೆ ಆ 59 ದೊರೆಗಳ ಪಟ್ಟಿಯನ್ನು ತಾಮ್ರಕ್ಕೆ ಇಳಿಸುವವರು ಇರುತ್ತಿರಲಿಲ್ಲ.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಶಾಸನಗಳಲ್ಲಿ ವಂಶಾವಳಿಯ ಭಾಗ ಸೊಗಸಾಗಿರುತ್ತದೆ, ದತ್ತಿ ಭೂಮಿಯ ಭಾಗ ಬೇಸರ ತರಿಸುತ್ತದೆ. ಯಾವ ನಾಡು ಯಾರಿಗೆ ಹೋಯಿತು ಎಂಬ ಆ ಬೇಸರದ ಸಾಲುಗಳನ್ನೇ ಮೊದಲು ಓದಿ, ಒಂದು ನಕ್ಷೆಯ ಮೇಲೆ ಗುರುತಿಸಿಕೊಳ್ಳಿ. ಮುಂದಿನ ಪಟ್ಟ ಯಾರಿಗೆ ಕಟ್ಟುತ್ತಾರೆಂಬ ಸುಳಿವು ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.