ಹಳೆಯ ಜಾಲತಾಣವನ್ನು ಕಾಣುವಂತೆ ಮಾಡುವುದು
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಪುಣೆಗೆ ಬಂದ ಕುಟುಂಬ ಮೊದಲು ಹುಡುಕುವುದು ಬಾಡಿಗೆ ಮನೆ, ಆಮೇಲೆ ಶಾಲೆ, ಅದಾದ ಮೇಲೆ ಮಕ್ಕಳಿಗೆ ಕನ್ನಡ ಕಲಿಸುವವರು. ಹಿಂದೆ ಬಂದವರು ನೆರೆಹೊರೆಯವರನ್ನು ವಿಚಾರಿಸುತ್ತಿದ್ದರು. ಈಗಿನವರು ಫೋನನ್ನು ವಿಚಾರಿಸುತ್ತಾರೆ. ಭಾನುವಾರದ ತರಗತಿಯನ್ನು ನಾವು ಬಿಡದೆ ನಡೆಸುತ್ತಿದ್ದರೂ ಫೋನು ನಮ್ಮ ಹೆಸರು ಹೇಳುವುದಿಲ್ಲ. ಜಾಲತಾಣವಿಲ್ಲವೆಂದಲ್ಲ, ಇದೆ, ಹಳೆಯದು. ಅದನ್ನು ತೆಗೆದುಹಾಕಿ ಹೊಸದು ಕಟ್ಟಿಸಬೇಕೆಂಬ ಸಲಹೆ ಸಮಿತಿಯ ಮುಂದಿದೆ. ಹಣವಿಲ್ಲವೆಂಬುದು ಹಾಗಿರಲಿ, ಅದರ ಅಗತ್ಯವೇ ಇಲ್ಲವೆಂದು ನಮ್ಮ ಅಭಿಪ್ರಾಯ.

ಗೂಗಲ್ ಮುಖ್ಯವಾಗಿ ನೋಡುವುದು ಪುಟದ ಅಲಂಕಾರವನ್ನಲ್ಲ, ಅದರ ಅಕ್ಷರಗಳನ್ನು. ನಮ್ಮ ಪುಟಗಳು ಯೂನಿಕೋಡ್ ರೂಢಿಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿವೆ. ಆಗ ಎಲ್ಲರದೂ ಅದೇ ಪದ್ಧತಿ. ಅದರಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ, ಅಷ್ಟೆ. ಒಳಗಿನದನ್ನೇ ಓದುವ ಯಂತ್ರಕ್ಕೆ 'ಕನ್ನಡ ತರಗತಿ' ಎಂಬ ಮಾತು ಅಲ್ಲಿ ಸಿಕ್ಕುವುದೇ ಇಲ್ಲ. ಹಳೆಯ ಸ್ಮರಣ ಸಂಚಿಕೆಗಳಂತೂ ಸ್ಕ್ಯಾನ್ ಮಾಡಿದ ಚಿತ್ರಗಳು. ಸಂಘ ಕಟ್ಟಿದ ಹಿರಿಯರು ತಮ್ಮ ಕೈಯಾರೆ ಬರೆದ ಲೇಖನಗಳು ಅವುಗಳಲ್ಲಿವೆ. ಅವರ ಮೊಮ್ಮಕ್ಕಳು ಅಜ್ಜನ ಹೆಸರು ಹಾಕಿ ಹುಡುಕಿದರೆ ಏನೂ ಬಾರದು.

ಆದುದರಿಂದ ಮೊದಲ ಕೆಲಸ ಯೂನಿಕೋಡಿಗೆ ತರುವುದು. ಪರಿವರ್ತಿಸುವ ತಂತ್ರಾಂಶಗಳು ಪುಕ್ಕಟೆಯಾಗಿ ದೊರೆಯುತ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅವು ಎಡವುವುದುಂಟು. ಬಲ್ಲವರೊಬ್ಬರು ಕರಡು ತಿದ್ದಿದಂತೆ ತಿದ್ದಲೇಬೇಕು. ಎಲ್ಲ ಪುಟಗಳನ್ನೂ ಒಟ್ಟಿಗೆ ಹಿಡಿಯಬೇಕಾಗಿಲ್ಲ. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ, ಯಾವ ಮಾತು ಹುಡುಕಿದವರಿಗೆ ನಮ್ಮ ಯಾವ ಪುಟ ಕಂಡಿತು, ಎಷ್ಟು ಮಂದಿ ಒಳಗೆ ಬಂದರು ಎಂಬ ಲೆಕ್ಕವಿರುತ್ತದೆ. ನಾವು ಬ್ಯಾಂಕಿನವರು; ಲೆಕ್ಕ ನೋಡದೆ ಖರ್ಚಿಗೆ ಕೈ ಹಾಕುವುದು ನಮಗೆ ಒಗ್ಗದು. ತರಗತಿ, ವಿಳಾಸ, ಸದಸ್ಯತ್ವದ ಪುಟಗಳು ಮೊದಲು. ವರದಿಗಳು ನಿಧಾನವಾಗಿ ಬರಲಿ.

ಇನ್ನು ಶೀರ್ಷಿಕೆ. ಪ್ರತಿಯೊಂದು ಪುಟದ ನೆತ್ತಿಯ ಮೇಲೂ 'ಮುಖಪುಟ' ಎಂದೇ ಇದ್ದರೆ, ಎಲ್ಲ ಲೆಡ್ಜರುಗಳಿಗೂ ಒಂದೇ ಹೆಸರಿಟ್ಟಂತೆ. 'ಪುಣೆಯಲ್ಲಿ ಮಕ್ಕಳಿಗೆ ಕನ್ನಡ ತರಗತಿ' ಎಂದು ಆ ಪುಟಕ್ಕೆ ತಕ್ಕ ಹೆಸರಿಡಬೇಕು. ಹೊಸ ತಲೆಮಾರಿನವರಲ್ಲಿ ಅನೇಕರು ಇಂಗ್ಲಿಷ್ ಅಕ್ಷರಗಳಲ್ಲಿ 'ಕನ್ನಡ ಕ್ಲಾಸ್ ಪುಣೆ' ಎಂದು ಬೆರಳಚ್ಚಿಸುತ್ತಾರೆ. ಅವರಿಗಾಗಿ ಇಂಗ್ಲಿಷಿನ ಎರಡು ಸಾಲು ಸೇರಿಸೋಣವೆಂದರೆ ಹಿರಿಯರು ಕೆಲವರು ನೊಂದುಕೊಂಡರು. ಕನ್ನಡ ಓದಲಾರದ ಮಗುವಿಗಾಗಿ ತೆರೆದ ತರಗತಿಯ ದಾರಿಫಲಕ ಅದು. ಒಳಗೆ ಬಂದ ಮೇಲೆ ಇರುವುದೆಲ್ಲ ಕನ್ನಡವೇ ತಾನೆ!

ಹಳೆಯ ಪುಟಗಳ ವಿಳಾಸಗಳನ್ನು ಮಾತ್ರ ಬದಲಾಯಿಸಕೂಡದು. ಬೇರೆ ಬೇರೆ ತಾಣಗಳು ನಮ್ಮತ್ತ ಇತ್ತಿರುವ ಕೊಂಡಿಗಳೇ ಹಳೆಯ ಜಾಲತಾಣದ ಠೇವಣಿ. ಬದಲಾಯಿಸಲೇಬೇಕಾದರೆ, ಮನೆ ಬದಲಿಸಿದವರು ಅಂಚೆಕಚೇರಿಗೆ ತಿಳಿಸಿ ಬರುವಂತೆ, 301 ಎಂಬ ಸೂಚನೆಯಿಂದ ಹೊಸ ವಿಳಾಸಕ್ಕೆ ಕಳುಹಿಸಬೇಕು.

ಬೆಟ್ಟದಷ್ಟು ಭಾರದ ಭಾವಚಿತ್ರಗಳನ್ನು ಕಿರಿದುಮಾಡುವುದು, ಪುಟ ಫೋನಿನಲ್ಲಿ ಸರಿಯಾಗಿ ತೆರೆಯುವಂತೆ ನೋಡುವುದು, ಬೀಗದ ಗುರುತಿನ ಸುರಕ್ಷಾ ಪ್ರಮಾಣಪತ್ರ ಹಾಕಿಸುವುದು, ಇವು ಸಣ್ಣ ಕೆಲಸಗಳು. ಆ ಪ್ರಮಾಣಪತ್ರವೂ ಉಚಿತವಾಗಿ ಸಿಗುತ್ತದೆ.

ಮೂರು ತಿಂಗಳಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆಂದು ಮುಂಗಡ ಕೇಳಿದವರೊಬ್ಬರು ಸಂಘಕ್ಕೆ ಬಂದಿದ್ದರು. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ತಾನೇ ಹೇಳಿದೆ. ಪುಟದೊಳಗೆ ಗುಟ್ಟಾಗಿ ತುಂಬುತ್ತೇವೆಂದು ಅವರು ಹೇಳಿದ ಕೀವರ್ಡ್ ಪಟ್ಟಿಯನ್ನು ಶ್ರೇಣಿಗೆ ಬಳಸುವುದಿಲ್ಲವೆಂದು ಅದೇ ಗೂಗಲ್ 2009ರಲ್ಲಿಯೇ ಪ್ರಕಟಿಸಿತ್ತು. ಆ ಹಣ ಮಕ್ಕಳ ಪುಸ್ತಕಗಳಿಗೆ ಹೋಗಲಿ.

ಫಲ ಕಾಣಲು ತಿಂಗಳುಗಳೇ ಹಿಡಿಯಬಹುದು. ಸದ್ಯಕ್ಕೆ ಬೇಕಾದವರು, ಭಾನುವಾರ ಎರಡು ಗಂಟೆ ಕುಳಿತು ಸ್ಮರಣ ಸಂಚಿಕೆಗಳನ್ನು ಕನ್ನಡದಲ್ಲಿ ಬೆರಳಚ್ಚಿಸಬಲ್ಲವರು. ತರಗತಿ ಮುಗಿದ ಮೇಲೆ ಸಂಘದ ಗಣಕಯಂತ್ರ ಬಿಡುವಾಗಿರುತ್ತದೆ. ಇಚ್ಛೆಯುಳ್ಳವರು ಇಂದೇ ಕಾರ್ಯದರ್ಶಿಗಳ ಬಳಿ ಹೆಸರು ಕೊಡಬಹುದು.