ತತ್ತಿಯ ತೂಕ, ಜೊಯಿಡಾದ ಮಳೆ



ಜವಾರಿ ಹೇಂಟೆ ಬುಟ್ಟಿಯಲ್ಲಿ ಕಾವಿಗೆ ಕೂತರೆ ತೇವದ ಚಿಂತೆ ನಮಗಿಲ್ಲ. 21 ದಿನ ಅದು ತಾನೇ ನೋಡಿಕೊಳ್ಳುತ್ತದೆ. ಆದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಗಿರಿರಾಜದಂಥ ತಳಿಗಳು ಕಾವಿಗೆ ಕೂರುವುದು ಅಪರೂಪ. ಹಾಗಾಗಿ ಹಳ್ಳಿಮನೆಗೂ ಇನ್‌ಕ್ಯುಬೇಟರ್ ಬಂತು. ಅದರೊಂದಿಗೆ ಬಂದ ಸೂಚನೆ ಎಲ್ಲ ಊರಿಗೂ ಒಂದೇ: ತಟ್ಟೆಯಲ್ಲಿ ಸದಾ ನೀರಿರಲಿ.

ಜೊಯಿಡಾದ ಆಷಾಢಕ್ಕೆ ಈ ಮಾತು ಹೊಂದುವುದಿಲ್ಲ ಎಂಬುದೇ ನನ್ನ ವಾದ. ಲೆಕ್ಕ ನೋಡಿ. ಹೊರಗೆ 25 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 90. ಅದೇ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಕಾದಾಗ ತೇವಾಂಶ ಶೇ. 44ರ ಸುಮಾರಿಗೆ ಇಳಿಯುತ್ತದೆ. ತತ್ತಿಗಳು ತಾವೇ ಬಿಡುವ ನೀರು ಸೇರಿದರೆ, ಮೊದಲ 18 ದಿನಕ್ಕೆ ಬೇಕಾದ ಶೇ. 50ರ ಹತ್ತಿರ ಬಂದೇಬಿಟ್ಟಿತು. ಅದರ ಮೇಲೆ ತಟ್ಟೆ ತುಂಬ ನೀರಿಟ್ಟರೆ ತತ್ತಿ ಒಣಗಬೇಕಾದಷ್ಟು ಒಣಗುವುದಿಲ್ಲ, ಗಾಳಿಕೋಶ ಸಣ್ಣದಾಗುತ್ತದೆ. ಓಡು ಒಡೆಯುವ ಮುನ್ನ ಮರಿ ಮೊದಲ ಉಸಿರು ಎಳೆಯುವುದು ಆ ಕೋಶದಿಂದಲೇ. ಪೂರ್ತಿ ಬೆಳೆದು, ಕೊಕ್ಕು ಸರಿಯಾದ ಕಡೆಗೇ ತಿರುಗಿದ್ದೂ ಒಳಗೇ ಸತ್ತ ಮರಿಯನ್ನು ಕಂಡವರಿಗೆ ಇದರ ನೋವು ಗೊತ್ತು.

ಅದೇ ಹಳಿಯಾಳದ ಕಡೆ ಬೇಸಿಗೆಗೆ ಮುಂಚಿನ ಒಣಗಾಳಿ ಬೀಸುವಾಗ, 28 ಡಿಗ್ರಿಯಲ್ಲಿ ಶೇ. 35 ತೇವವಿರುವ ಗಾಳಿ ಪೆಟ್ಟಿಗೆಯಲ್ಲಿ ಶೇ. 20ಕ್ಕೆ ಬೀಳುತ್ತದೆ. ಆಗ ನೀರು ಇಡಲೇಬೇಕು. ಇಲ್ಲದಿದ್ದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ.

ಹಾಗಾದರೆ ಯಾವುದನ್ನು ನಂಬುವುದು? ಅಗ್ಗದ ತೇವಮಾಪಕ ಹಲವು ಅಂಕ ತಪ್ಪು ತೋರಿಸಬಲ್ಲದು. ನಾನು ತಕ್ಕಡಿಯನ್ನು ನಂಬುತ್ತೇನೆ. 18ನೆಯ ದಿನದ ಹೊತ್ತಿಗೆ ತತ್ತಿ ತನ್ನ ತೂಕದ ಶೇ. 12ರಷ್ಟು ಕಳೆದುಕೊಂಡಿರಬೇಕು. 45 ಗ್ರಾಮಿನ 30 ಜವಾರಿ ತತ್ತಿ ಒಟ್ಟು 1,350 ಗ್ರಾಂ. ಕಡಿಮೆಯಾಗಬೇಕಾದದ್ದು ಸುಮಾರು 160 ಗ್ರಾಂ. ಏಳನೆಯ ದಿನಕ್ಕೆ 60–65 ಗ್ರಾಂ ಇಳಿದಿದ್ದರೆ ದಾರಿ ಸರಿಯಿದೆ. ಕಿರಾಣಿ ಅಂಗಡಿಯ ತಕ್ಕಡಿಯೂ ಇದನ್ನು ತೋರಿಸುತ್ತದೆ. ಇಳಿಕೆ ಕಡಿಮೆಯಾದರೆ ನೀರು ತೆಗೆಯಿರಿ, ಹೆಚ್ಚಾದರೆ ಸೇರಿಸಿ. ತೇವ ಹಿಡಿದಿಡಲೆಂದು ಗಾಳಿಕಿಂಡಿಯನ್ನು ಮಾತ್ರ ಮುಚ್ಚಬೇಡಿ. ಬೆಳೆದ ಮರಿಗೆ ಆಮ್ಲಜನಕ ಹೆಚ್ಚು ಬೇಕು. ಕೊನೆಯ ಮೂರು ದಿನ ತತ್ತಿ ತಿರುಗಿಸುವುದನ್ನು ನಿಲ್ಲಿಸಿ, ತೇವವನ್ನು ಶೇ. 65–70ಕ್ಕೆ ಏರಿಸಿ, ಮುಚ್ಚಳ ಮುಟ್ಟದೆ ಇರಿ.

ಇಂದಿನ ಗೋಷ್ಠಿಗಳಲ್ಲಿ, ಹಳ್ಳಿಗಳಲ್ಲಿ ಜಾನುವಾರು-ಕೋಳಿಗಳ ಆರೈಕೆಗೆ ನೆರವಾಗುವ ಪಶುಸಖಿಯರು ಮೊದಲು ಮಾತಾಡಲಿ. ಒಡೆಯದ ತತ್ತಿಗಳನ್ನು ಹೆಚ್ಚು ಕಂಡವರು ಅವರು. ಪಶುವೈದ್ಯರು ಅಂಥ ತತ್ತಿಗಳನ್ನು ತೆರೆದು, ಮರಿ ಯಾವ ದಿನ, ಯಾವ ಸ್ಥಿತಿಯಲ್ಲಿ ಸತ್ತಿತೆಂದು ತೋರಿಸಿಕೊಡಲಿ. ಸಂಜೆಯೊಳಗೆ ಮಳೆಗಾಲಕ್ಕೊಂದು, ಬೇಸಿಗೆಗೊಂದು ತೂಕದ ಪಟ್ಟಿ ತಯಾರಾದರೆ, ಜೊಯಿಡಾಕ್ಕೂ ಹಳಿಯಾಳಕ್ಕೂ ಬೇರೆ ಬೇರೆಯಾಗಿ ಅದನ್ನು ಅಚ್ಚು ಹಾಕಿಸಿ ಪ್ರತಿ ಇನ್‌ಕ್ಯುಬೇಟರಿನ ಪಕ್ಕ ಅಂಟಿಸೋಣ.